ಪಂಚನಾಮೆಗೆ ಕಡ ತಂದ ದೇವರು

ನಾನು ಈ ಸೀಮೆಗೆ ಬಂದ ಮೂರನೆಯ ದಿನ ಪಕ್ಕದ ಕುರಿದೊಡ್ಡಿಯ ಹೆಂಗಸೊಬ್ಬಳು ನಮ್ಮ ಬಾಗಿಲಿಗೆ ಬಂದಳು. ಹೊಸ್ತಿಲಿನಿಂದ ಎರಡು ಮಾರು ಆಚೆಗೇ ನಿಂತು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೇಳಿದಳು:

“ಯಾಕವ್ವ, ನಿಂದು ಮುಂಬೈ ಸರಕಾರದ ಧರ್ಮೋ, ಬೆಂಗಳೂರ ಸರಕಾರದ ಧರ್ಮೋ?”

ಕಸಬರಿಗೆ ಹಿಡಿದವಳು ಹಾಗೇ ನಿಂತುಬಿಟ್ಟೆ. ಇಷ್ಟು ವಯಸ್ಸಿನಲ್ಲಿ ನನಗೆ ಜನ ಬಹಳ ಪ್ರಶ್ನೆ ಕೇಳಿದ್ದಾರೆ. ಯಾವ ಕೇರಿಯವಳು, ಯಾರ ಸೊಸೆ, ಈ ಬಾವಿಯ ಹತ್ತಿರ ನಿನಗೇನು ಕೆಲಸ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಕೆ ಚೇಷ್ಟೆಗೆ ಕೇಳಿದ್ದೂ ಅಲ್ಲ. ಎಮ್ಮೆ ಯಾವ ಸಂತೆಯದು ಎಂದು ಕೇಳುವ ಹಾಗೆ ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದಳು.

ಜತ್ತ ಸೀಮೆಯ ನನ್ನ ಅಕ್ಕತಂಗಿಯರೆ, ನಮ್ಮ ವಿಹಾರದ ಕಟ್ಟೆಯ ಮೇಲೆ ಕೂತು ಇದನ್ನು ಓದಿಸಿ ಕೇಳುವವರೆ, ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ನನಗಾದದ್ದು ಸಂತೋಷ. ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಆದರೆ ಅದು ಬಂದ ದಾರಿ ನೆನೆದರೆ ಹೇಸಿಗೆಯಾಗುತ್ತದೆ. ನಾನು ಎರಡು ವರ್ಷ ಸಾಲೆ ಕಲಿತವಳು, ಅದೂ ಒಳಗೆ ಕೂತಲ್ಲ, ಹೊರಗಿನ ಕಟ್ಟೆಯ ಮೇಲೆ. ನನ್ನ ಅಕ್ಷರಗಳು ಹಳ್ಳ ದಾಟುವ ಕುರಿಗಳ ಹಾಗೆ ಒಂದರ ಮೇಲೊಂದು ಏರುತ್ತವೆ. ಮೊಮ್ಮಗಳು ಸುಜಾತಾ ಸಾಲೆಯ ದೊಡ್ಡ ಸೂಟಿಗೆ ಇಲ್ಲಿಗೆ ಬಂದಾಗ ಇದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದಾಳೆ. “ಆಯಿ, ಬೈಗುಳಾ ಎಲ್ಲಾ ತಗದೇನಿ” ಎಂದಳು. ಆಯಿ ಎಂದರೆ ಇಲ್ಲಿಯವರು ಅಜ್ಜಿಗೆ ಕರೆಯುವ ಹೆಸರು. ತೆಗೆಯಲಿ. ಬೈಗುಳ ಹೋದರೂ ಹೇಸಿಗೆ ಉಳಿದೀತು.

ಮಗಳು ಶೇವಂತಿಯನ್ನು ಗೋಕಾಕ ತಾಲೂಕಿನ ಈ ಹಳ್ಳಿಗೆ ಕೊಟ್ಟಾಗ ನಮ್ಮದು ರಾಜರ ಸಂಸ್ಥಾನ, ಇವರದು ಇಂಗ್ರೇಜಿ ಮುಲುಕು. ಸ್ವಾತಂತ್ರ್ಯ ಬಂದ ಮೇಲೆ ಎರಡೂ ಮುಂಬಯಿ ರಾಜ್ಯದೊಳಗೆ ಹೋದವು. ಆಮೇಲೆ ನಾಗಪುರದಲ್ಲಿ ನಮ್ಮವರು ಬೌದ್ಧರಾದ ಸುದ್ದಿ ಬಂತು. ನಾವು ನಮ್ಮ ಕೇರಿಯಲ್ಲಿ ದೇವರ ಜಗಲಿಗಳನ್ನು ಕಿತ್ತು, ಮಾರಿ, ಲಕ್ಷ್ಮಿ, ಖಂಡೋಬ ಎಲ್ಲರನ್ನೂ ಬುಟ್ಟಿಗೆ ತುಂಬಿ ಹಳ್ಳಕ್ಕೆ ಬಿಟ್ಟೆವಲ್ಲ, ನೆನಪಿದೆಯೇ? ಮಗಳ ಮನೆಯವರು ಇಲ್ಲಿ ಘಟಪ್ರಭೆಗೆ ಬಿಟ್ಟರು. ಅದರ ಹಿಂದುಮುಂದೆಯೇ ಸರಕಾರದವರು ಹೊಸ ಗೆರೆ ಎಳೆದರು. ನಾನು ಆ ಕಡೆ ಉಳಿದೆ. ಮಗಳು ಮೈಸೂರು ರಾಜ್ಯದವಳಾದಳು.

ದೇವರನ್ನು ನೀರಿಗೆ ಬಿಡುವಾಗ ನಮಗೆ ಒಂದು ಸಂಗತಿ ಗೊತ್ತಿರಲಿಲ್ಲ. ದಿಲ್ಲಿಯವರು ನಮ್ಮ ಯಾದಿಯನ್ನು, ಎಂದರೆ ಪಟ್ಟಿಯನ್ನು, ಅದೇ ಬುಟ್ಟಿಗೆ ಕಟ್ಟಿಟ್ಟಿದ್ದರು. ಹಿಂದೂ ಆಗಿದ್ದರೆ ಆ ಯಾದಿಯಲ್ಲಿ ಹೆಸರು, ಸಾಲೆಯಲ್ಲಿ ಸವಲತ್ತು. ಬೌದ್ಧರಾದರೆ ಇಲ್ಲ. ಮಹಾರಾಷ್ಟ್ರವಾದ ಮೇಲೆ ಮುಂಬಯಿ ಸರಕಾರ, ದಿಲ್ಲಿ ಕೊಡದಿದ್ದರೆ ಬಿಡಲಿ, ನಮ್ಮ ಸಾಲೆಗಳಲ್ಲಿ ನಾವು ಕೊಡುತ್ತೇವೆ ಎಂದಿತು. ಈ ಕಡೆ ಹಾಗೆಂದವರನ್ನು ನಾನು ಕಾಣಲಿಲ್ಲ. ಕುರಿದೊಡ್ಡಿಯ ಲಕ್ಕವ್ವ ಕೇಳಿದ ಪ್ರಶ್ನೆಯ ಬೇರು ಇಲ್ಲಿದೆ.

ನಾನು ಬಂದದ್ದು ಬಾಣಂತನಕ್ಕೆ. ಸುಜಾತಾ ಹುಟ್ಟಿ ಹದಿಮೂರು ವರ್ಷದ ಮೇಲೆ ಶೇವಂತಿಗೆ ಅವಳಿ ಗಂಡುಕೂಸುಗಳಾದವು. ಅಳಿಯ ಮಾರುತಿ ಹುಕ್ಕೇರಿಯ ಕಡೆ ಆಣೆಕಟ್ಟಿನ ಕೆಲಸಕ್ಕೆ ಹೋದವನು ಹದಿನೈದು ದಿನಕ್ಕೊಮ್ಮೆ ಮೈತುಂಬ ಕಲ್ಲುಪುಡಿ ಮೆತ್ತಿಕೊಂಡು ಬರುತ್ತಿದ್ದ. ಮನೆಗೆ ಇನ್ನೊಂದು ಜೊತೆ ಕೈ ಬೇಕಿತ್ತು. ಮಿರಜಿನಲ್ಲಿ ರೈಲು ಹತ್ತಿ ಗೋಕಾಕ ರೋಡಿನಲ್ಲಿ ಇಳಿದೆ. ಎರಡು ತಿಂಗಳಿಗೆಂದು ಬಂದವಳು ಇನ್ನೂ ಇದ್ದೇನೆ.

ಇಲ್ಲಿ ಎಲ್ಲಿ ನೋಡಿದರೂ ನೀರು. ನಮ್ಮ ಕಡೆ ಒಂದು ಕೊಡಕ್ಕೆ ಅರ್ಧ ಹರದಾರಿ ನಡೆದವಳು ನಾನು. ಇಲ್ಲಿ ಕಾಲುವೆ ಮನೆಯ ಹಿಂದೆಯೇ ಹರಿಯುವುದನ್ನು ನೋಡಿ ಮೊದಲ ದಿನ ಮಗಳ ಮೇಲೆ ಸಿಟ್ಟು ಬಂತು, ಇಷ್ಟು ನೀರಿದ್ದೂ ಪಾತ್ರೆ ಇಷ್ಟು ಕಪ್ಪಗೆ ಏಕೆ ಎಂದು. ಮರುದಿನ ತಿಳಿಯಿತು. ಊರವರು ಮೇಲೆ ತುಂಬಿಕೊಂಡು, ಅದರ ಕೆಳಗೆ ದನ ತೊಳೆದು, ಅದರ ಕೆಳಗೆ ಬಟ್ಟೆ ಒಗೆದು, ಆಮೇಲೆ ನಮ್ಮ ಪಾಳಿ. ನಮ್ಮಲ್ಲಿ ನೀರೇ ಇರಲಿಲ್ಲವಾದ್ದರಿಂದ ಮೇಲಿನದು ಕೆಳಗಿನದು ಎಂಬ ಜಗಳ ಕಡಿಮೆ ಇತ್ತು. ನಮ್ಮದು ಮಣ್ಣಿನ ಮಾಳಿಗೆ, ಇಲ್ಲಿ ಕಬ್ಬಿನ ರವದಿಯ ಚಪ್ಪರ. ಒಣಗಿದ ಕಬ್ಬಿನೆಲೆಗೆ ರವದಿ ಎನ್ನುತ್ತಾರೆ. ಗಾಳಿ ಬೀಸಿದರೆ ಯಾರೋ ತಲೆಯ ಮೇಲೆ ಕಾಗದ ಓದುತ್ತಿರುವ ಹಾಗೆ ಸಪ್ಪಳ. ಸಜ್ಜೆ ರೊಟ್ಟಿಯ ಬಾಯಿಗೆ ಬಿಳಿಜೋಳ ಹಿಡಿಸಲು ಒಂದು ತಿಂಗಳಾಯಿತು. ಮಾತೂ ಹಾಗೆಯೇ. ನನ್ನದೂ ಕನ್ನಡ, ಇವರದೂ ಕನ್ನಡ. ಆದರೂ ನಾನು ಬಾಯಿ ತೆಗೆದರೆ “ಮರಾಠಿ ಮುದುಕಿ ಬಂತ್ರಲೇ” ಎಂದು ನಗುತ್ತಿದ್ದರು. ಅಲ್ಲಿ ಕಚೇರಿಯಲ್ಲಿ ನನಗೆ “ಕಾನಡಿ ಬಾಯಿ” ಎನ್ನುತ್ತಿದ್ದರು. ಎಲ್ಲಿಗೆ ಹೋದರೂ ನಾನು ಬಾಜೂ ಊರಿನವಳೇ.

ಬಹಳ ಕಾಡಿದ್ದು ಹುಣ್ಣಿಮೆ. ನಮ್ಮಲ್ಲಿ ಹುಣ್ಣಿಮೆಗೆ ಇಡೀ ಕೇರಿ ಬಿಳಿ ಬಟ್ಟೆ ಉಟ್ಟು ಕೂಡುತ್ತದೆ. ಇಲ್ಲಿ ಬೌದ್ಧರದು ನಾಲ್ಕೇ ಮನೆ. ಗೋಡೆಗೆ ಬುದ್ಧನ ಪಟವೊಂದು, ಅದರ ಮುಂದೆ ನಾನು, ಸುಜಾತಾ, ಇಬ್ಬರೂ ಕೂತು ವಂದನೆ ಹೇಳಿದರೆ ಅವಳಿಗಳು ಅಳುವ ದನಿಯೇ ದೊಡ್ಡದು. ಆಗ ಲಕ್ಕವ್ವ ಬಂದು ದೂರ ನಿಂತು ಕೇಳುತ್ತಿದ್ದಳು. ಎರಡು ಮಾರಿನ ದೂರ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಮಾರಾಯಿತು. ಬೇಸಿಗೆಗೆ ಹೊಸ್ತಿಲಿಗೆ ಬಂತು. ಕೂಸುಗಳಿಗೆ ಆಡಿನ ಹಾಲು ತರುತ್ತಿದ್ದಳು. ಮೇಲಿನಿಂದಲೇ ಸುರಿಯುತ್ತಿದ್ದಳು, ಖರೆ, ಆದರೆ ತರುತ್ತಿದ್ದಳು.

“ನಿಮ್ಮ ದೇವರು ಏನೂ ಬೇಡೂದಿಲ್ಲಲ್ಲ ಯವ್ವ, ಕುರಿ ಇಲ್ಲ ಕೋಳಿ ಇಲ್ಲ” ಎಂದು ಒಮ್ಮೆ ಕೇಳಿದಳು.

“ಅವ ದೇವರಲ್ಲ.”

“ಮತ್ತ ಯಾಕ ಕೈ ಮುಗಿತೀರಿ?”

“ಒಳ್ಳೇ ಮನಷ್ಯಾಗ ಮುಗೀಬಾರ್ದೇನು?”

“ಹಂಗಾರ ನನ್ನ ಗಂಡಗ ಇಷ್ಟ ವರ್ಷ ದಂಡ ಮುಗದ್ನಿ” ಎಂದು ಹೋದಳು.

ಆ ಬೇಸಿಗೆಯಲ್ಲಿ ಸುಜಾತಾ ಮೂಡಲಗಿಗೆ ಹೋಗಿ ಮುಲ್ಕಿ ಪರೀಕ್ಷೆ ಬರೆದಳು. ಅದು ಇಲ್ಲಿಯ ಏಳನೆಯ ಇಯತ್ತೆಯ ದೊಡ್ಡ ಪರೀಕ್ಷೆ. ಫಲಿತಾಂಶ ಬಂದ ದಿನ ಮಾಸ್ತರರು ತಾವೇ ಕೇರಿಯ ಬಾಯಿಯವರೆಗೆ ಬಂದು, ಒಳಗೆ ಬಾರದೆ, ಕೂಗಿ ಹೇಳಿದರು: ಹುಡುಗಿ ಪಾಸು, ಬರೀ ಪಾಸಲ್ಲ, ಇಡೀ ಸಾಲೆಗೆ ಮೊದಲು. ನಾನು ಎರಡೂ ಕಂಕುಳಲ್ಲಿ ಒಂದೊಂದು ಕೂಸು ಇಟ್ಟುಕೊಂಡು ಅಂಗಳದಲ್ಲಿ ಕುಣಿದೆ. ಕೇರಿಯ ಎಲ್ಲರಿಗೂ ಬೆಲ್ಲದ ಹೆಂಟೆ ಒಡೆದು ಕೊಟ್ಟೆ, ಲಕ್ಕವ್ವನ ಕುರಿನಾಯಿಗೂ ಕೊಟ್ಟೆ. ಹೊರಗಿನ ಕಟ್ಟೆಯ ಮೇಲೆ ಕೂತು ಕಲಿತ ನನ್ನ ಹೊಟ್ಟೆಯ ಮಗಳ ಹೊಟ್ಟೆಯ ಮಗಳು ಒಳಗೆ ಕೂತು ಮೊದಲು ಬಂದಿದ್ದಳು.

ಹೈಸ್ಕೂಲಿಗೆ ಗೋಕಾಕಕ್ಕೆ ಹೋಗಬೇಕು. ದಿನಾ ಹೋಗಿ ಬರುವ ದಾರಿಯಲ್ಲ. ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಹರಿಜನರಿಗೆಂದು ಇಟ್ಟ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಕಬ್ಬಿನ ಕಳೆ. ನಡುವೆ ಮತ್ತೊಂದು ದಾರಿ ಇರಲಿಲ್ಲ. ನಾನೂ ಶೇವಂತಿಯೂ ಸುಜಾತಾಳೂ ಒಂದೊಂದು ಕೂಸು ಸರದಿಯಲ್ಲಿ ಹೊತ್ತುಕೊಂಡು ಪೇಟೆಯ ಕಚೇರಿಗೆ ಹೋದೆವು. ಸುಜಾತಾ ಅರ್ಜಿಯನ್ನು ತಾನೇ ತುಂಬಿದಳು, ಮುತ್ತು ಪೋಣಿಸಿದ ಹಾಗೆ. ಧರ್ಮ ಎಂಬ ಮನೆಯಲ್ಲಿ ಬೌದ್ಧ ಎಂದು ಬರೆದಳು. ಆಮೇಲೆ ಅಳುವ ಕೂಸುಗಳನ್ನು ಎತ್ತಿಕೊಂಡು ಬೇವಿನ ನೆರಳಿಗೆ ಹೋದಳು.

ಕಾರಕೂನ ಅರ್ಜಿ ನೋಡಿ ನಮ್ಮತ್ತಲೇ ನೂಕಿದ.

“ಬೌದ್ಧ ಅಂತ ಬರದ್ರ ಸೀಟ ಇಲ್ಲ. ಹಿಂದೂ ಅಂತ ಬರೀರಿ, ಸೀಟ ತಗೋರಿ.”

“ಸುಳ್ಳ ಬರೀಬೇಕೇನ್ರಿ?” ಎಂದೆ.

“ಸುಳ್ಳೇನ ಬಂತು? ನಿಮ್ಮಜ್ಜ, ಮುತ್ತಜ್ಜ ಏನಿದ್ರು?”

“ನಮ್ಮ ಮುತ್ತಜ್ಜ ಊರಾನ ಸತ್ತ ಎಮ್ಮಿ ಎಳೀತಿದ್ದಾ. ಅದನ್ನೂ ಬರೀಲ್ಯಾ?”

“ಮುದುಕಿ ಬಾಯಿ ಜೋರೈತಿ” ಎಂದು ಪಕ್ಕದವನಿಗೆ ಹೇಳಿ ನಕ್ಕ. ಆಮೇಲೆ ಸ್ವಲ್ಪ ಮೆತ್ತಗಾಗಿ, “ಇದು ನನ್ನ ಕೈಯಾಗಿಲ್ಲವ್ವ. ಯಾದಿ ದಿಲ್ಲೀದು” ಎಂದ.

“ಮತ್ತ ನಮ್ಮ ಕಡೆ ಕೊಡ್ತಾರಲ್ರಿ, ಅಲ್ಲೇನು ದಿಲ್ಲಿ ಬ್ಯಾರೆ ಐತೇನು?”

“ಅಲ್ಲೆ ಮುಂಬೈ ಸರಕಾರ ತನ್ನ ಕಿಸೇದಿಂದ ಕೊಡ್ತೈತಿ.”

“ಹಂಗಾರ ಬೆಂಗಳೂರ ಸರಕಾರದ ಅಂಗಿಗೆ ಕಿಸೇನ ಇಲ್ಲೇನ್ರಿ?”

ಕಚೇರಿಯಲ್ಲಿ ಎಲ್ಲರೂ ನಕ್ಕರು. ನಕ್ಕವರಲ್ಲಿ ಒಬ್ಬನೂ ಸೀಟು ಕೊಡಲಿಲ್ಲ. ಆ ನಗೆ ನಂಬಿ ನಾನು ಗೆದ್ದೆ ಎಂದುಕೊಂಡದ್ದೇ ದಡ್ಡತನ. ನಾನು ತಿರುಗಿ ನೋಡುವಷ್ಟರಲ್ಲಿ ಶೇವಂತಿ ಇನ್ನೊಂದು ಅರ್ಜಿ ಇಸಿದುಕೊಂಡು, ಕಾರಕೂನನಿಂದಲೇ ಹಿಂದೂ ಎಂದು ಬರೆಸಿ, ಹೆಬ್ಬೆಟ್ಟು ಒತ್ತಿಬಿಟ್ಟಿದ್ದಳು. ನನ್ನ ಮುಖ ನೋಡಲಿಲ್ಲ. “ನನ್ನ ಮಗಳ ಕೈಯಾಗ ಕುರಪಿ ಹಿಡಸಾಂಗಿಲ್ಲ ನಾ” ಎಂದಳು. ಸತ್ತ ದನ ಎಳೆದ ಕೈ ನನ್ನವು, ಅದರ ಚರ್ಮ ಬಿಡಿಸಿದ ಕೈ. ಆಗೊಂದು ದಿನವೂ ಬಾರದ ಓಕರಿಕೆ ಆ ಕಾಗದ ಮುಟ್ಟಿದಾಗ ಬಂತು. ಆದರೂ ಅದನ್ನು ಹರಿಯಲಿಲ್ಲ. ಸುಜಾತಾಳಿಗೆ ಹೇಳಲಿಲ್ಲ.

ಹಿಂದೂ ಎಂದು ಬರೆದುಕೊಟ್ಟರೂ ಸಾಲದಂತೆ. ನಮ್ಮ ನಾಲ್ಕು ಮನೆಯವರು ಬೌದ್ಧರಾದದ್ದು ಊರಿಗೆಲ್ಲ ಗೊತ್ತು. ಆದ್ದರಿಂದ ಊರಿನ ಲೆಕ್ಕ ಬರೆಯುವ ತಲಾಠಿ ಇಬ್ಬರು ಪಂಚರನ್ನು ಕರೆದುಕೊಂಡು ಮನೆಗೆ ಬಂದು ಪಂಚನಾಮೆ ಮಾಡಬೇಕು. ಮನೆಯಲ್ಲಿ ಜಗಲಿ ಇದೆಯೋ, ಅದರ ಮೇಲೆ ದೇವರಿದ್ದಾರೋ, ದೀಪ ಹಚ್ಚಿದ ಗುರುತಿದೆಯೋ ನೋಡಿ ಬರೆಯಬೇಕು. ಕಳ್ಳಭಟ್ಟಿ ಹುಡುಕಲು ಬರುತ್ತಾರಲ್ಲ, ಹಾಗೆ ದೇವರನ್ನು ಹುಡುಕಲು ಬರುತ್ತಾರೆ. ನಮ್ಮ ಕೇರಿಯ ಜನಕ್ಕೆ ಗುಡಿಯ ಮೆಟ್ಟಿಲು ತೋರಿಸದವರು ನಮ್ಮ ಮನೆಯಲ್ಲಿ ದೇವರಿಲ್ಲವೆಂದು ಸೀಟು ಕಿತ್ತುಕೊಳ್ಳುತ್ತಾರೆ.

ತಲಾಠಿ ಬರುವ ಹಿಂದಿನ ದಿನ ಶೇವಂತಿ ಲಕ್ಕವ್ವನ ಮುಂದೆ ಅತ್ತಳು. ಲಕ್ಕವ್ವ ಕುರಿಯ ಕಾಲು ನೋಡುತ್ತ ಕೂತವಳು ತಲೆ ಎತ್ತದೆ ಹೇಳಿದಳು: “ದೇವರ ಬೇಕಾಗ್ಯಾನೇನು? ನಮ್ಮ ಮನ್ಯಾಗ ಐದ ಅದಾವ. ನಾಳಿಗೆ ಎರಡ ಒಯ್ಯಿರಿ, ಸಂಜೀಕ ತಂದ ಕೊಡ್ರಿ.”

ಒಲೆಗೆ ಕೆಂಡ ಕೇಳಿದರೆ ಕೊಡುವ ಹಾಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಸುಜಾತಾಳನ್ನು ದೂರದ ಬಾವಿಗೆ ಕಳಿಸಿದೆವು. ಲಕ್ಕವ್ವ ಕಂಬಳಿಯ ತುಂಡಿನಲ್ಲಿ ಸುತ್ತಿ ತಂದಳು. ಬೀರಪ್ಪನ ಬೆಳ್ಳಿಯ ಮುಖ, ಮಾಯವ್ವನ ಸಣ್ಣ ಮೂರ್ತಿ. ಮೈತುಂಬ ಭಂಡಾರ, ಎಂದರೆ ಅರಿಸಿನದ ಪುಡಿ. ನಾನು ಗೋಡೆಯ ಮೂಲೆಗೆ ಮೂರು ಇಟ್ಟಿಗೆ ಜೋಡಿಸಿ ಸೆಗಣಿ ಸಾರಿಸಿ ಜಗಲಿ ಮಾಡಿದೆ. ಬುದ್ಧನ ಪಟ ಇಳಿಸಿ ಜೋಳದ ಗುಮ್ಮಿಯೊಳಗೆ ಹುಗಿದೆ. ಕುತ್ತಿಗೆಯವರೆಗೆ ಕಾಳು ಮುಚ್ಚುವಾಗ ಕೈ ನಿಂತಿತು. ಆಮೇಲೆ ಪೂರ್ತಿ ಮುಚ್ಚಿದೆ.

ಇನ್ನೊಂದು ಹೇಸಿಗೆಯ ಮಾತು, ಮುಚ್ಚಿಡುವುದಿಲ್ಲ. ಆ ದೇವರುಗಳನ್ನು ಜಗಲಿಯ ಮೇಲಿಟ್ಟ ಕೂಡಲೇ ನನ್ನ ಕೈಗಳು ತಾವೇ ನೀರು ಚಿಮುಕಿಸಿದವು, ಬತ್ತಿ ಹೊಸೆದವು, ಸೆರಗು ತಲೆಯ ಮೇಲೆ ಬಂತು. ಹಳ್ಳಕ್ಕೆ ಬಿಟ್ಟು ಬಂದ ಮೇಲೂ ಕೈಯಲ್ಲಿ ಇದೆಲ್ಲ ಉಳಿದಿತ್ತು. ನನಗೆ ನನ್ನ ಕೈ ಕಂಡರೆ ಸಿಟ್ಟು ಬಂತು.

ಬೀರಪ್ಪನ ಕೊರಳಲ್ಲಿ ಕರಿ ಉಣ್ಣೆಯ ದಾರವೊಂದಿತ್ತು. ಬೇರೆಯವರ ದೇವರು, ಅದನ್ನು ನಾನೇಕೆ ಬಿಚ್ಚಲಿ ಎಂದು ಹಾಗೇ ಬಿಟ್ಟೆ. ನಮ್ಮ ಕಡೆ ನಾವು ಕುರಿ ಕಾಯ್ದವರಲ್ಲ, ಆ ದಾರದ ಅರ್ಥ ನನಗೆ ಗೊತ್ತಿರಲಿಲ್ಲ.

ತಲಾಠಿ ಬಂದರು. ಕನ್ನಡಕದ, ತೆಳ್ಳಗಿನ ಮನುಷ್ಯ. ಜೊತೆಗೆ ಪಂಚರು ಇಬ್ಬರು, ಊರಿನಲ್ಲಿ ಎಲ್ಲರೂ ಕಾಕಾ ಎನ್ನುವ ಒಬ್ಬ ಮುದುಕ, ಇನ್ನೊಬ್ಬ ಅವನು ಹೇಳಿದ್ದಕ್ಕೆಲ್ಲ ಹೂಂ ಎನ್ನುವವನು. ಮನೆಯ ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ಕತ್ತು ಮಾತ್ರ ಒಳಗೆ ಚಾಚಿದರು. ತಲಾಠಿ ಬರೆಯತೊಡಗಿದರು: ಜಗಲಿ ಇದೆ, ದೀಪ ಇದೆ, ದೇವರು ಎರಡು. ಶೇವಂತಿಯ ಮುಖದಲ್ಲಿ ಆಸೆ ಬಂತು. ಅಷ್ಟರಲ್ಲಿ ಕಾಕಾ ಕಣ್ಣು ಕಿರಿದು ಮಾಡಿದ.

“ತಡೀರಿ ಸಾಹೇಬ್ರ. ಏ ಮುದುಕಿ, ಇದು ಬೀರಪ್ಪ ಅಲ್ಲೇನ? ಉಣ್ಣಿ ಕಂಕಣ ಐತಿ. ಇದು ಕುರುಬರ ದೇವರ. ಎಲ್ಲಿಂದ ಎತಗೊಂಡ ಬಂದಿ?”

ಕಂಕಣವನ್ನು ಹತ್ತಿಯ ದಾರದಲ್ಲಿ ಕಟ್ಟದೆ ಕರಿಕುರಿಯ ಉಣ್ಣೆಯಲ್ಲಿ ಕಟ್ಟುವುದು ಅವರ ಮನೆತನದ ಗುರುತಂತೆ. ನಮ್ಮಂಥವರ ಜಗಲಿಯ ಮೇಲೆ ಅದು ಯಾವ ಕಾಲಕ್ಕೂ ಇರುವಂಥದ್ದಲ್ಲ.

ತಲಾಠಿ ಲೇಖನಿ ಕೆಳಗಿಟ್ಟರು. “ಇದು ಕಳವಿನ ಕೇಸ ಆಕ್ಕೈತಿ ನೋಡ್ರಿ.”

ಹಿಂದೂ ಎಂದು ತೋರಿಸಲು ಹೋಗಿ ಕಳ್ಳಿಯಾಗುವ ಹೊತ್ತು ಬಂತು. ಆಗ ಪಂಚರ ಹಿಂದಿನಿಂದ ಲಕ್ಕವ್ವನ ದನಿ ಬಂತು. ಕೈಯೆಲ್ಲ ಹಿಕ್ಕೆ, ಸೆರಗು ಸೊಂಟಕ್ಕೆ.

“ಯಾರೂ ಎತಗೊಂಡ ಬಂದಿಲ್ಲ. ನಾ ಕೊಟ್ಟೇನಿ.”

“ನೀ ಕೊಟ್ಟಿ?” ಕಾಕಾನ ದನಿ ಸೀಳಿತು. “ಇವರ ಮನಿಗಿ ದೇವರ ಕೊಟ್ಟಿ? ಮೈಲಿಗಿ ಅನ್ನೂದ ಗೊತ್ತೈತೇನ ನಿನಗ?”

ಲಕ್ಕವ್ವ ನಿಜವಾಗಿಯೂ ಅರ್ಥವಾಗದವಳ ಹಾಗೆ ಅವನನ್ನು ನೋಡಿದಳು. “ಅಲ್ಲೋ ಕಾಕಾ, ಇವರು ಹಿಂದೂ ಅದಾರ ಅಂತ ಬರಿಯಾಕಲ್ಲ ನೀವು ಬಂದಿದ್ದು? ಹಿಂದೂರ ಮನಿಗಿ ದೇವರ ಹ್ವಾದ್ರ ಮೈಲಿಗಿ ಹೆಂಗ ಆಕ್ಕೈತಿ?”

ಹೂಂ ಎನ್ನುವವನಿಗೂ ಎಲ್ಲಿ ಹೂಂ ಎನ್ನಬೇಕೋ ತಿಳಿಯಲಿಲ್ಲ.

ಅದೇ ಹೊತ್ತಿಗೆ ಸುಜಾತಾ ಕೊಡ ಹೊತ್ತು ಬಂದಳು. ಜನರನ್ನು ನೋಡಿದಳು, ಜಗಲಿ ನೋಡಿದಳು, ಖಾಲಿ ಗೋಡೆ ನೋಡಿದಳು. ಕೊಡ ಇಳಿಸಿ, ನನ್ನ ಹತ್ತಿರ ಬಂದು ಮೆಲ್ಲಗೆ, “ಆಯಿ, ಪಟ ಎಲ್ಲಿ?” ಎಂದಳು. ನಾನು ಗುಮ್ಮಿಯ ಕಡೆ ನೋಡಿದೆ. ಬೇರೇನೂ ಮಾಡುವ ಮುಖ ನನಗಿರಲಿಲ್ಲ. ಅವಳು ಮೊಳಕೈವರೆಗೆ ಜೋಳದಲ್ಲಿ ಕೈ ಹಾಕಿ ಪಟ ತೆಗೆದು, ಲಂಗದಲ್ಲಿ ಒರೆಸಿ, ಅದೇ ಮೊಳೆಗೆ ತೂಗುಹಾಕಿದಳು. ಆಮೇಲೆ ತಲಾಠಿಯ ಮುಂದೆ ನಿಂತಳು.

“ನಾವು ಬೌದ್ಧರ್ರೀ. ಹಂಗ ಬರೀರಿ.”

ಶೇವಂತಿ ಅಳುತ್ತ ಅವಳ ತೋಳು ಜಗ್ಗಿದಳು. ತಲಾಠಿ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು.

“ಹುಡುಗಿ, ಇವತ್ತೊಂದ ದಿನ ಸುಮ್ಮನಿದ್ರ ಮುಗೀತಿತ್ತಲ್ಲ. ಹಂಗ ಬರದ್ರ ಸೀಟ ಹೋಕ್ಕೈತಿ.”

“ಯಾರ ಯಾವ ಧರ್ಮಕ್ಕರ ಹೋಗಬಹುದು, ಸರಕಾರ ಯಾವ ಧರ್ಮದ್ದೂ ಅಲ್ಲ. ನಾಗರಿಕ ಶಾಸ್ತ್ರದ ಪರೀಕ್ಷಾದಾಗ ಇದನ್ನ ಬರದು ಹತ್ತಕ್ಕ ಹತ್ತು ತಗೊಂಡೇನ್ರಿ. ಅದು ಸುಳ್ಳಾಗಿದ್ರ ಆ ಹತ್ತೂ ಕಳೀರಿ.”

ತಲಾಠಿ ಕನ್ನಡಕ ಮತ್ತೆ ಹಾಕಿಕೊಂಡರು. “ಸುಳ್ಳಲ್ಲವ್ವ” ಎಂದರು. “ಧರ್ಮಕ್ಕ ಹೋಗು ಅಂತ ಅಂದಾರ. ಯಾದಿ ಸಂಗಡ ಬರ್ತೈತಿ ಅಂತ ಅಂದಿಲ್ಲ.” ಹಳೆಯ ಹಾಳೆ ಹರಿದು, ಹೊಸ ಹಾಳೆ ತೆಗೆದು, ಈ ಮನೆಯಲ್ಲಿ ದೇವರಿಲ್ಲ, ಬುದ್ಧನ ಪಟ ಇದೆ ಎಂದು ಬರೆದರು. ಹುಡುಗಿಯ ಹೆಸರು, ವಯಸ್ಸು ಬರೆದು, ಹುಟ್ಟಿದ ಊರು ಯಾವುದು ಎಂದು ಕೇಳಿದರು.

“ನಮ್ಮಲ್ಲೇರಿ, ಜತ್ತದ ಕಡೆ. ಚೊಚ್ಚಲ ಬಾಣಂತನ ತವರಾಗ ಅಲ್ಲೇನ್ರಿ” ಎಂದೆ.

ಅವರ ಕೈ ನಿಂತಿತು. “ಅಂದ್ರ ಈಗಿನ ಮಹಾರಾಷ್ಟ್ರ. ಅಲ್ಲಿ ಜನನದ ನೋಂದಣಿ ಐತಿ?”

“ಪಾಟೀಲರ ದಫ್ತರದಾಗ ನನ್ನ ಗಂಡ ಹೇಳಿ ಬರಸ್ಯಾನ್ರಿ.”

“ಹಂಗಾರ ನಿಮ್ಮ ಊರಿಗೆ ಹೋಗಿ ಆ ಉತಾರ ತಗೋರಿ. ಹುಡುಗಿ ನಿಮ್ಮ ಮನ್ಯಾಗ ಇರ್ತಾಳ ಅಂತ ಬರಸರಿ. ಅಲ್ಲಿ ಬೌದ್ಧ ಅಂತ ಬರದ್ರೂ ಬೋರ್ಡಿಂಗ್ ಸಿಗತೈತಿ.” ಆಮೇಲೆ ಎದೆಯಿಂದ ಭಾರ ಇಳಿದವರ ಹಾಗೆ, “ಇದು ಅವರ ತಲಿನೋವು, ನಮ್ಮದಲ್ಲ” ಎಂದರು. ಒಳ್ಳೆಯವರು ಆಡಿದ ಮಾತಿಗೂ ಹೇಸಿಗೆ ಬರುತ್ತದೆ ಎಂದು ನನಗೆ ಅಂದು ತಿಳಿಯಿತು.

ಲಕ್ಕವ್ವನ ದೈವದವರು, ಎಂದರೆ ಅವರ ಕುಲದ ಹಿರಿಯರು, ಆಕೆಯ ಎರಡೂ ದೇವರನ್ನು ಹೊಳೆಗೆ ಒಯ್ದು ಐದು ಸಲ ಮುಳುಗಿಸಿ ತರಬೇಕೆಂದು ಹೇಳಿದರು. ತಂದಳು. ಒದ್ದೆ ಸೀರೆಯಲ್ಲೇ ನಮ್ಮ ಅಂಗಳಕ್ಕೆ ಬಂದು ಹೇಳಿದಳು: “ನಮ್ಮ ಬೀರಪ್ಪ ಜಳಕಾ ಮಾಡಿ ಯಾವ ಕಾಲ ಆಗಿತ್ತೋ. ನಿಮ್ಮ ದೆಸೀಯಿಂದ ಆತು.” ಅಂದು ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು, ಒಲೆಯ ಮುಂದೆ ಕೂತು ಮೈ ಕಾಯಿಸಿಕೊಂಡಳು. ನಾನು ಚಹ ಕೊಟ್ಟೆ. ಕುಡಿದಳು. “ಐದ ಸಲ ಮುಳುಗಿಸೂದ ಹೆಂಗೂ ಆಗೇತಿ” ಎಂದಳು.

ನಾನು ಸುಜಾತಾಳನ್ನು ಕರೆದುಕೊಂಡು ನಮ್ಮ ಊರಿಗೆ ಬಂದದ್ದು ನಿಮಗೆಲ್ಲ ಗೊತ್ತು. ಮೆರವಣಿಗೆಯಲ್ಲಿ ಬಂದ ಮದುಮಗಳ ಹಾಗೆ ನೋಡಿದಿರಿ. ಆದರೆ ಕಚೇರಿಯಲ್ಲಿ ಆದದ್ದು ನಿಮಗೆ ಹೇಳಿರಲಿಲ್ಲ. ಜನನದ ಉತಾರ, ಎಂದರೆ ದಾಖಲೆಯ ನಕಲು, ಸಿಕ್ಕಿತು. ನಾನು ಗೆದ್ದೆನೆಂದು ಎದೆ ಉಬ್ಬಿಸಿ ನಿಂತೆ. ನಮ್ಮ ಕಡೆಯ ಕಾರಕೂನ ಬೌದ್ಧ ಎಂದು ಬರೆದು, ಲೇಖನಿ ಎತ್ತದೆ ಕೇಳಿದ: “ಆಧೀಚಿ ಜಾತ?” ಮೊದಲಿನ ಜಾತಿ ಯಾವುದು ಎಂದು. ಅದನ್ನು ಹೇಳದಿದ್ದರೆ ಸವಲತ್ತು ಇಲ್ಲ. ಸುಜಾತಾ ನನ್ನ ಮುಖ ನೋಡಿದಳು. ಬೀರಪ್ಪನ ಮುಂದೆ ಬಾಗದ ಹುಡುಗಿ ಇಲ್ಲಿ ನನ್ನ ಮುಖ ನೋಡಿದಳು. ನಾನೇ ಹೇಳಿದೆ, ಮಹಾರ ಎಂದು. ನವಬೌದ್ಧ, ಪೂರ್ವಜಾತಿ ಮಹಾರ ಎಂದು ಬರೆದು ಠಸ್ಸೆ ಒತ್ತಿದ. ಆ ಕಡೆಯವರು ಹೊಸ ಹೆಸರು ಬಿಟ್ಟರೆ ಮಾತ್ರ ಸೀಟು ಎನ್ನಲಿಲ್ಲ, ಅದೊಂದು ಉಪಕಾರ. ಹೊಸದರ ಬಾಲಕ್ಕೆ ಹಳೆಯದನ್ನು ಕಟ್ಟಿ ಕಳಿಸಿದರು. ಇವರಿಗಿಂತ ಅವರು ಮೇಲು, ಒಪ್ಪುತ್ತೇನೆ. ಪೂರ್ತಿ ಹೊಗಳಲು ನನ್ನ ನಾಲಿಗೆ ಏಳುವುದಿಲ್ಲ.

ಜೂನ್ ಮುಗಿಯುವಾಗ ಕಾಗದ ಬಂತು. ಮಿರಜಿನಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಸುಜಾತಾಳಿಗೆ ಸೀಟು. ಆ ದಿನದ ಸಂತೋಷ ಬರೆಯಲು ನನ್ನ ಎರಡು ವರ್ಷದ ಸಾಲೆ ಸಾಲದು. ಅಳಿಯ ಆಣೆಕಟ್ಟಿನಿಂದ ಬಂದು ಕಲ್ಲುಪುಡಿಯ ಮೈಯಲ್ಲೇ ಮಗಳನ್ನು ಅಪ್ಪಿಕೊಂಡ, ಅವಳೂ ಬೆಳ್ಳಗಾದಳು. ನಾನು ಗೋಕಾಕಕ್ಕೆ ಹೋಗಿ ಕರದಂಟು ತಂದೆ, ಬೆಲ್ಲ ಅಂಟು ಹಾಕಿದ ಇಲ್ಲಿಯ ಸಿಹಿ, ನನ್ನ ಹಲ್ಲಿಗೆ ಬಗ್ಗದಿದ್ದರೂ ದಿನವಿಡೀ ಚೀಪಿದೆ. ಹೊರಡುವ ದಿನ ಸುಜಾತಾ ಪಟ ಒಯ್ಯಲಿಲ್ಲ. “ನಿನಗ ಇಲ್ಲಿ ಬೇಕಾಕ್ಕೈತಿ ಆಯಿ” ಎಂದಳು. ಗುಮ್ಮಿಯ ಕಡೆ ನೋಡಿ ನಕ್ಕಳು. ನನ್ನನ್ನು ಕ್ಷಮಿಸಿದಳೆಂದು ತಿಳಿದೆ.

ಈಗ ಅವಳು ಸಣ್ಣ ಸೂಟಿ ಸಿಕ್ಕಾಗಲೆಲ್ಲ ನಿಮ್ಮಲ್ಲಿಗೆ ಬರುತ್ತಾಳೆ. ನನ್ನ ಮನೆಯ ಬೀಗ ತೆಗೆದು, ನನ್ನ ಮಾಳಿಗೆಯ ಕೆಳಗೆ ಮಲಗಿ, ನನ್ನ ಕೊಡ ಹಿಡಿದು ಅರ್ಧ ಹರದಾರಿ ನಡೆದು ನೀರು ತರುತ್ತಾಳೆ. ಹುಣ್ಣಿಮೆಗೆ ನಿಮ್ಮ ನಡುವೆ ಬಿಳಿ ಬಟ್ಟೆ ಉಟ್ಟು ಕೂಡುತ್ತಾಳೆ. ನಾನು ಅವಳ ತಾಯಿಗಾಗಿ ಈ ಕಡೆ ಬಂದವಳು, ಅವಳು ಓದಿಗಾಗಿ ನನ್ನ ಕಡೆ ಹೋದವಳು. ಮರಾಠಿ ಕಲಿಯುತ್ತಿದ್ದಾಳಂತೆ, ಅಲ್ಲಿ ಅವಳಿಗೂ ಕಾನಡಿ ಮುಲಗಿ ಎಂದು ಹೆಸರಿಟ್ಟಿದ್ದಾರಂತೆ. ನೋಡಿಕೊಳ್ಳಿ, ಅವಳಿಗೆ ಸಜ್ಜೆ ರೊಟ್ಟಿ ಸೇರುವುದಿಲ್ಲ.

ನಾನೇಕೆ ಬರುವುದಿಲ್ಲ ಎಂದು ಪ್ರತಿ ಕಾಗದದಲ್ಲೂ ಕೇಳುತ್ತೀರಿ. ಅವಳಿಗಳು ಈಗ ಜಗಲಿಗೆಂದು ಇಟ್ಟ ಮೂರು ಇಟ್ಟಿಗೆ ಹಿಡಿದು ಎದ್ದು ನಿಲ್ಲುತ್ತವೆ. ಇವು ಚೊಚ್ಚಲಲ್ಲ. ಇವುಗಳ ಬಾಣಂತನ ಈ ಮನೆಯಲ್ಲಿ ಆಯಿತು, ಈ ರವದಿಯ ಚಪ್ಪರದ ಕೆಳಗೆ, ಈ ಸರಕಾರದಲ್ಲಿ. ಒಂದೇ ತಾಯಿಯ ಮೊಲೆ ಉಂಡ ಮೂರು ಮಕ್ಕಳಲ್ಲಿ ಅಕ್ಕನಿಗೆ ಸೀಟುಂಟು, ಈ ಎರಡಕ್ಕೆ ಇಲ್ಲ. ಇವು ಸಾಲೆಗೆ ಹೋಗುವ ಹೊತ್ತಿಗೆ ದಿಲ್ಲಿಯ ಯಾದಿ ಬದಲಾದೀತು, ಇಲ್ಲವೆ ಬೆಂಗಳೂರಿನ ಅಂಗಿಗೆ ಕಿಸೆ ಹೊಲಿದಾರು. ಇಲ್ಲದಿದ್ದರೆ ಮತ್ತೆ ತಲಾಠಿ ಬರುತ್ತಾನೆ, ಮತ್ತೆ ಯಾರೋ ಒಬ್ಬಳು ಹೆಬ್ಬೆಟ್ಟು ಒತ್ತಲು ಕೈ ಚಾಚುತ್ತಾಳೆ. ಆಗ ಆ ಕೈ ಹಿಡಿಯಲು ನಾನಿಲ್ಲಿ ಇರಬೇಕು. ಹೋದ ಸಲ ಹಿಡಿಯಲಿಲ್ಲ.

ಸಂಜೆಯಾದರೆ ಒಂದನ್ನು ಕಾಲ ಮೇಲೆ ಹಾಕಿಕೊಂಡು, ಇನ್ನೊಂದನ್ನು ಲಕ್ಕವ್ವನ ಮಡಿಲಿಗೆ ಕೊಟ್ಟು, ಬಡಗಣದ ಕಡೆ ಮುಖ ಮಾಡಿ ಕೂತುಕೊಳ್ಳುತ್ತೇನೆ. “ನಿನ್ನ ಊರ ಯಾವ ಕಡೆ ಬರ್ತೈತವ್ವ?” ಎಂದು ನಿನ್ನೆ ಲಕ್ಕವ್ವ ಕೇಳಿದಳು. ಕೈ ಎತ್ತಿ ತೋರಿಸಹೋದೆ. ನನ್ನ ಕಾಲ ಮೇಲಿದ್ದ ಕೂಸು ಆ ಬೆರಳನ್ನು ಹಿಡಿದು ತನ್ನ ಬಾಯಿಗೆ ಹಾಕಿಕೊಂಡಿತು.